ಮರಳಿನ ಚೀಲದ ಮೇಲೆ ಅತ್ತೆಯ ಕೈ

ನನ್ನ ಅತ್ತೆಯ ಬಲಗೈ ನಡುಗುತ್ತಿತ್ತು. ಮಡಿಲಲ್ಲಿ ಇಟ್ಟುಕೊಂಡಾಗ ಅಷ್ಟಿಲ್ಲ. ಲೋಟ ಎತ್ತಿದರೆ, ಬೀಗಕ್ಕೆ ಕೀಲಿ ಹಾಕಹೋದರೆ, ಬೆರಳ ತುದಿಯ ಕುಂಕುಮವನ್ನು ಹಣೆಯ ಹತ್ತಿರ ಒಯ್ದರೆ ಕೈ ತನ್ನಷ್ಟಕ್ಕೆ ತಾನು ಕುಣಿಯಲು ಶುರುಮಾಡುತ್ತಿತ್ತು. ಹಾಗಾಗಿ ಅವರ ಕುಂಕುಮ ಯಾವಾಗಲೂ ಸ್ವಲ್ಪ ಸೊಟ್ಟ. ಮಾವ ತೀರಿಕೊಂಡ ಮೇಲೂ ಅವರು ಅದನ್ನು ಬಿಡಲಿಲ್ಲ, ಗಾಜಿನ ಬಳೆಯನ್ನೂ ಬಿಡಲಿಲ್ಲ. ಬಳೆಯ ಕಿಣಿಕಿಣಿ ಕೇಳಿಯೇ ಅವರು ಅಡುಗೆಮನೆಯಲ್ಲಿದ್ದಾರೋ ಬಾಲ್ಕನಿಯಲ್ಲಿದ್ದಾರೋ ನಾವು ತಿಳಿಯುತ್ತಿದ್ದೆವು. ಎದುರು ಫ್ಲ್ಯಾಟಿನ ಹೆಂಗಸೊಬ್ಬರು, “ಬಳೆ ತೆಗೆದಿಟ್ಟರೆ ನಡುಕ ಅಷ್ಟು ಗೊತ್ತಾಗುವುದಿಲ್ಲ” ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

“ಗೊತ್ತಾಗಲಿ ಮಾರಾಯ್ತಿ,” ಎಂದರು ಅತ್ತೆ. “ಕೈ ನಂದು, ನಡುಕವೂ ನಂದೇ. ಕದ್ದು ತಂದದ್ದಾ ಅಡಗಿಸಿ ಇಡ್ಲಿಕ್ಕೆ?”

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದಾಗ ಈ ಉಡುಪಿಯವರ ಮನೆಯ ತುಳುವೂ ತಿಳಿಯದು, ಬೀದಿಯ ಮರಾಠಿಯೂ ಬಾರದು. ಸಾಲದ್ದಕ್ಕೆ ನನಗೆ ಮಾತು ತಡೆಯುತ್ತದೆ. ಚಿಕ್ಕಂದಿನಿಂದಲೂ ಉಗ್ಗು. ಹೇಳಬೇಕಾದ್ದು ಗಂಟಲ ತನಕ ಬಂದು ಮೊದಲ ಅಕ್ಷರದಲ್ಲೇ ಕಚ್ಚಿಕೊಂಡುಬಿಡುತ್ತದೆ. ಅಂಥ ಹೊತ್ತಿನಲ್ಲಿ ಎದುರಿಗಿದ್ದವರು ನನ್ನ ಮಾತನ್ನು ತಾವೇ ಮುಗಿಸುತ್ತಾರೆ. ಪ್ರೀತಿಯಿಂದಲೇ ಮುಗಿಸುತ್ತಾರೆ. ಅದಕ್ಕೇ ಅದು ಹೆಚ್ಚು ನೋಯಿಸುತ್ತದೆ.

ಮದುವೆಯಾದ ಹೊಸತರಲ್ಲಿ ಒಂದು ದಿನ ಅತ್ತೆ, “ಪಲ್ಯಕ್ಕೆ ಎಂತ ತರ್ಲಿ?” ಎಂದು ಕೇಳಿದರು. ನಾನು “ಬ... ಬ...” ಎಂದು ನಿಂತೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, “ಬಟಾಟೆ” ಎಂದ.

“ನೀನು ಸುಮ್ಮನಿರು. ಅವಳಿಗೆ ಎಂತ ಬೇಕು ಅಂತ ಅವಳಿಗೆ ಗೊತ್ತುಂಟು,” ಎಂದು ಅತ್ತೆ ಚೀಲ ಹಿಡಿದು ಬಾಗಿಲಲ್ಲಿ ನಿಂತೇ ಇದ್ದರು. ಅವಸರವಿಲ್ಲ, ಮುಖದಲ್ಲಿ ಕನಿಕರವೂ ಇಲ್ಲ.

“ಬದನಿಕಾಯಿ,” ಎಂದೆ ಕೊನೆಗೆ.

“ಹಾಗೆ ಹೇಳು,” ಎಂದು ಹೊರಟುಹೋದರು. ಆ ಮನೆ ನನ್ನದಾದದ್ದು ಆ ಹೊತ್ತಿನಲ್ಲಿ.

ಮಾವನಿದ್ದಾಗ ಠಾಣೆಯ ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟಿನಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲಿತ್ತು. ಅಡುಗೆಯ ಕಡೆ ಮಾವ, ಗಲ್ಲಾಪೆಟ್ಟಿಗೆಯಲ್ಲಿ ಅತ್ತೆ. ಕಾರ್ಖಾನೆಯ ಪಾಳಿ ಬಿಟ್ಟೊಡನೆ ನುಗ್ಗುವ ಜನರನ್ನು ಸಂಭಾಳಿಸಿದ ಹೆಂಗಸು ಅವರು. ಮಾವ ಹೋದ ಮೇಲೆ ಅತ್ತೆಯ ಮೈದುನ ಹೋಟೆಲನ್ನು ವಹಿಸಿಕೊಂಡು, “ಅತ್ತಿಗೆ, ನೀವಿನ್ನು ಮನೆಯಲ್ಲಿ ರೆಸ್ಟ್ ತಗೊಳ್ಳಿ” ಎಂದ. ಕೈ ನಡುಗಲು ಶುರುವಾದಾಗ ಡಾಕ್ಟರೂ ಅದನ್ನೇ ಹೇಳಿದರು. ನನ್ನ ಗಂಡನೂ ಹೇಳಿದ. ರೆಸ್ಟ್ ಎಂಬ ಶಬ್ದ ಕೇಳಿದರೆ ಸಾಕು, ಅತ್ತೆಯ ಮುಖ ಹುಳಿಯಾಗುತ್ತಿತ್ತು.

ಅದೇ ವಾಗ್ಳೆ ಎಸ್ಟೇಟಿನಲ್ಲಿ, ಮುಚ್ಚಿಹೋದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ, ಏರ್ ಪಿಸ್ತೂಲು ಕಲಿಸುವ ಒಂದು ಸಣ್ಣ ಕ್ಲಬ್ಬಿತ್ತು. ಗಾಳಿಯ ಒತ್ತಡದಿಂದ ಸೀಸದ ಚೂರಿನಂಥ ಗುಂಡನ್ನು ಹತ್ತು ಮೀಟರ್ ದೂರದ ಕಾಗದಕ್ಕೆ ಹೊಡೆಯುವ ಆಟ ಅದು. ರಜೆಯಲ್ಲಿ ನನ್ನ ಮಗಳನ್ನು ಸೇರಿಸಿದೆವು. ಕರೆದೊಯ್ಯುವ ಕೆಲಸ ಅತ್ತೆಯದು. ಕೆಲವೇ ದಿನಕ್ಕೆ ಮಗಳು, “ಬೋರ್ ಹೋತಾ ಹೈ ಅಜ್ಜಿ, ಮುಝೆ ನಹೀ ಜಾನಾ” ಎಂದು ಸೋಫಾದ ಮೇಲೆ ಬಿದ್ದುಕೊಂಡಳು.

“ಸರಿ, ನೀನು ಬೇಡ,” ಎಂದು ಅತ್ತೆ ಚಪ್ಪಲಿ ಮೆಟ್ಟಿದರು. ಎಲ್ಲಿಗೆ ಎಂದು ನನ್ನ ಗಂಡ ಕೇಳಿದ್ದಕ್ಕೆ ತುಳುವಿನಲ್ಲಿ, “ಯಾನ್ ಪೋಪೆ” ಎಂದರು. ನಾನು ಹೋಗುತ್ತೇನೆ.

ಅವನು ತಲೆಯ ಮೇಲೆ ಕೈ ಹೊತ್ತ. ಅತ್ತೆಯ ಜೊತೆಗೆ ನಾನು ಹೋದೆ.

ಮೊದಲ ದಿನ ಎಲ್ಲರಂತೆ ನಿಂತು, ಒಂದು ಕೈ ಚಾಚಿ ಹೊಡೆದರು. ಕಾಗದಕ್ಕೆ ಒಂದೂ ತಾಗಲಿಲ್ಲ. ಒಂದು ಗುಂಡು ಪಕ್ಕದವನ ಕಾಗದದ ಮೂಲೆ ಹರಿಯಿತು. ಕೋಚ್ ಒಳ್ಳೆಯ ಮರಾಠಿ ಹುಡುಗ, ಅತ್ತೆಯನ್ನು ತನ್ನ ಭಾಷೆಯಲ್ಲಿ ಆಜಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದ. “ಆಜಿ, ಆಪ್ ಘರ್ ಪೆ ಆರಾಮ್ ಕರೋ ನಾ,” ಎಂದ.

ಹೊಸ ಪಿಸ್ತೂಲು ಬಂದರೆ ಹೇಗೆ ಪರೀಕ್ಷಿಸುತ್ತೀ ಎಂದು ಅತ್ತೆ ತಮ್ಮ ಹೋಟೆಲು ಹಿಂದಿಯಲ್ಲಿ ಕೇಳಿದರು: “ನಯಾ ಪಿಸ್ತೋಲ್ ಆತಾ ಹೈ ತೋ ಕೈಸಾ ಚೆಕ್ ಕರ್ತಾ ಹೈ?”

“ರೆಸ್ಟ್ ಪೆ ರಖ್ ಕೆ,” ಎಂದು ಅವನು ಮೂಲೆಯ ಮೇಜು ತೋರಿಸಿದ. ಅದರ ಮೇಲೆ ಮರಳಿನ ಚೀಲವಿತ್ತು. ಕುರ್ಚಿಯಲ್ಲಿ ಕೂತು, ಚೀಲದ ಮೇಲೆ ಕೈಯೂರಿ ಹೊಡೆಯುವುದಕ್ಕೆ ಅಲ್ಲಿ ರೆಸ್ಟ್ ಎನ್ನುತ್ತಾರೆ. ಹಾಗೆ ಹೊಡೆದರೆ ಮನುಷ್ಯನ ಅಲುಗಾಟ ಕಳೆದು ಪಿಸ್ತೂಲಿನ ನಿಜವಾದ ಗುಣ ಗೊತ್ತಾಗುತ್ತದೆ.

“ತೋ ಮೇರೆ ಕೋ ಭೀ ರಖ್ ಕೆ ದೇಖೋ,” ಎಂದರು ಅತ್ತೆ. ನನ್ನನ್ನೂ ಹಾಗೇ ಇಟ್ಟು ನೋಡು.

ಅವರು ಜೀವನದಲ್ಲಿ ಒಪ್ಪಿಕೊಂಡ ರೆಸ್ಟ್ ಅದೊಂದೇ.

ಕೈಯೂರಿದ ಮಾತ್ರಕ್ಕೆ ಗುರಿ ಬೀಳುತ್ತದೆ ಎಂದುಕೊಂಡಿದ್ದೆ ನಾನು. ಹಾಗಿಲ್ಲ. ಮೊದಮೊದಲು ಅತ್ತೆ ಪಿಸ್ತೂಲಿನ ನಳಿಗೆಯನ್ನೇ ಚೀಲದ ಮೇಲೆ ಇಟ್ಟರು. ಬಿಟ್ಟ ಕೂಡಲೆ ನಳಿಗೆ ಚೀಲದಿಂದ ಜಿಗಿದು ಗುಂಡು ಸಲಕ್ಕೊಂದು ಕಡೆ ಹೋಯಿತು. ಚೀಲಕ್ಕೆ ತಾಗಬೇಕಾದ್ದು ಮಣಿಕಟ್ಟು, ಲೋಹವಲ್ಲ ಎಂದು ಕೋಚ್ ತಿದ್ದಿದ. ಆಮೇಲೆ ಚೀಲ ತಗ್ಗಾಗಿದೆ ಎಂದು ಇವರೇ ಕಂಡುಕೊಂಡರು. ತಗ್ಗಾದರೆ ಬಗ್ಗಬೇಕು, ಬಗ್ಗಿದರೆ ಎದೆ ಮೇಜಿಗೆ ಒತ್ತುತ್ತದೆ, ಪ್ರತಿ ಉಸಿರಿಗೂ ಗುರಿ ಮೇಲೆ ಕೆಳಗೆ ಆಗುತ್ತದೆ. ಮೊಮ್ಮಗಳ ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಇನ್ನೊಂದು ಚೀಲ ಹೊಲಿದರು. ನಮ್ಮ ಸೊಸೈಟಿಯ ಪಕ್ಕದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನವರನ್ನು ಕೇಳಿ ಮರಳು ತಂದು, ತೊಳೆದು, ಒಣಗಿಸಿ ತುಂಬಿದರು. “ಚೀಲ ನನ್ನ ಎತ್ತರಕ್ಕೆ ಬರ್ಬೇಕು. ನಾನು ಯಾಕೆ ಚೀಲದ ಎತ್ತರಕ್ಕೆ ಬಗ್ಗುದು?” ಎಂದರು.

ಗುರಿ ನೋಡುವ ಬಗೆಯೂ ವಿಚಿತ್ರ. ನಳಿಗೆಯ ತುದಿಯ ಕಡ್ಡಿ ಸ್ಪಷ್ಟ ಕಾಣಬೇಕು, ದೂರದ ಕಪ್ಪು ವೃತ್ತ ಮಸುಕಾದರೂ ಚಿಂತೆಯಿಲ್ಲ. ಕುದುರೆ, ಅಂದರೆ ಟ್ರಿಗರ್, ಎಳೆಯುವುದಂತೂ ಸಟ್ಟುಗವನ್ನು ದೋಸೆಯ ಅಡಿಗೆ ತಳ್ಳಿದಷ್ಟೇ ಮೆಲ್ಲಗೆ. ಅವಸರಿಸಿದರೆ ಹರಿಯುತ್ತದೆ. ಒಂದು ಗುಂಡು ಎಡಕ್ಕೆ ಹೋಯಿತೆಂದು ಒಬ್ಬ ಹುಡುಗ ತಕ್ಷಣ ಪಿಸ್ತೂಲಿನ ಗುರಿ ಹೊಂದಿಸುವ ತಿರುಪು ತಿರುಗಿಸತೊಡಗಿದಾಗ ಅತ್ತೆ ನನ್ನ ಕಡೆ ಬಗ್ಗಿ ಹೇಳಿದರು: “ಒಬ್ಬ ಗಿರಾಕಿ ಉಪ್ಪು ಜಾಸ್ತಿ ಅಂದ ಅಂತ ಇಡೀ ಪಾತ್ರೆ ಸಾಂಬಾರಿಗೆ ನೀರು ಹೊಯ್ತಾರಾ? ನಾಲ್ಕು ಜನ ಅನ್ನಲಿ, ಆಮೇಲೆ ನೋಡುವ.”

ಇಷ್ಟೆಲ್ಲ ಆದರೂ ನಡುಕ ಇದ್ದೇ ಇತ್ತು. ಚೀಲದ ಮೇಲೆ ಅದು ಸಣ್ಣದಾಗುತ್ತಿತ್ತು, ಹೋಗುತ್ತಿರಲಿಲ್ಲ. ಅದು ನಿಲ್ಲಲೆಂದು ಅತ್ತೆ ಕಾಯುತ್ತಿದ್ದರು. ಕಾದಷ್ಟೂ ಕಣ್ಣು ಸೋಲುತ್ತಿತ್ತು, ಕೈ ಇನ್ನಷ್ಟು ನಡುಗುತ್ತಿತ್ತು. ಒಂದು ಭಾನುವಾರ ಹಿಂತಿರುಗುವಾಗ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮುಂಬ್ರಾ ದಾಟಿದ ಮೇಲೆ, ಇದ್ದಕ್ಕಿದ್ದಂತೆ ಹೇಳಿದರು: “ನಡುಕ ನಿಲ್ಲಲಿ ಅಂತ ಕಾದ್ರೆ ಜನ್ಮ ಮುಗೀತದೆ. ನಡುಕದ ಒಳಗೇ ಹೊಡಿಬೇಕು. ಅದು ಅದರ ಪಾಡಿಗೆ ನಡುಗ್ಲಿ, ಬೆರಳು ಅದರ ಪಾಡಿಗೆ ಒತ್ಲಿ.”

ಅದನ್ನು ಅವರು ತಮಗೇ ಹೇಳಿಕೊಂಡದ್ದು. ಆದರೆ ಮಾರನೆಯ ವಾರ ಐರೋಲಿಯ ನನ್ನ ಆಫೀಸಿನಲ್ಲಿ, ಪ್ರತಿಸಲದಂತೆ ನಾನು ಮಾಡಿದ ಕೆಲಸವನ್ನು ಮೀಟಿಂಗಿನಲ್ಲಿ ಹೇಳಲು ಮ್ಯಾನೇಜರ್ ಬೇರೊಬ್ಬಳನ್ನು ಎಬ್ಬಿಸಿದಾಗ, ನಾನು “ನಾ... ನಾನೇ ಹೇಳ್ತೀನಿ” ಎಂದೆ. ಹೇಳಿದೆ. ತಡೆಯಿತು, ಬಹಳ ತಡೆಯಿತು. ಕೆಲವರು ಫೋನು ನೋಡಿಕೊಂಡರು. ನಾನು ಕೂರಲಿಲ್ಲ.

ಊರವರ ಬಾಯಿ ಸುಮ್ಮನಿರಲಿಲ್ಲ. ಕಲ್ಯಾಣದಲ್ಲಿ ಒಂದು ನಾಮಕರಣದ ಊಟದಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು, “ಈ ವಯಸ್ಸಲ್ಲಿ ಪಿಸ್ತೂಲು ಎಂತಕ್ಕೆ? ಭಜನೆಗೆ ಬನ್ನಿ” ಎಂದರು. ಅತ್ತೆ ಪಾಯಸ ಹಾಕಿಸಿಕೊಳ್ಳುತ್ತಾ, “ಶನಿವಾರ ಬರ್ತೇನೆ. ಭಾನುವಾರ ನಂಗೆ ಪುರುಸೊತ್ತಿಲ್ಲ” ಎಂದರು.

ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಸದಸ್ಯರ ಪಂದ್ಯ. ಆ ವರ್ಷ ಕೋಚ್ ಉಮೇದಿನಿಂದ, ನಿಂತು ಹೊಡೆಯುವವರ ಜೊತೆಗೆ ರೆಸ್ಟ್‌ನಲ್ಲಿ ಹೊಡೆಯುವವರಿಗೂ ಒಂದು ವಿಭಾಗ ಇಟ್ಟ. ಅತ್ತೆ ಹೆಸರು ಕೊಟ್ಟರು. ಪಂದ್ಯದ ಬೆಳಿಗ್ಗೆ ಕ್ಲಬ್ಬಿನ ಹೊಸ ಕಾರ್ಯದರ್ಶಿ ಬಂದು ತಡೆದ. ಅತ್ತೆಯ ಕಡೆ ನೋಡದೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದ: “ಇವರ ಕೈ ನಡುಗುತ್ತದೆ. ಯಾರಿಗಾದರೂ ತಾಗಿದರೆ ಜವಾಬ್ದಾರಿ ಯಾರದು? ಸೇಫ್ಟಿ ಮುಖ್ಯ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು: “ಸೇಫ್ಟಿ ಕಾ ರೂಲ್ ಕ್ಯಾ ಹೈ? ಬೋಲೋ. ಏಕ್ ಭೀ ತೋಡಾ ತೋ ಮೈ ಘರ್ ಜಾಯೇಗಾ.” ಒಂದು ನಿಯಮ ಮುರಿದರೂ ಮನೆಗೆ ಹೋಗುತ್ತೇನೆ.

ಕಾರ್ಯದರ್ಶಿ ಸುತ್ತಲಿದ್ದವರನ್ನು ನೋಡಿದ. ಕೋಚ್ ಮೂಲೆಯ ಮೇಜಿನ ಕುರ್ಚಿ ಎಳೆದುಕೊಟ್ಟ. ನಳಿಗೆ ಸದಾ ಗುರಿಯ ಕಡೆಗೇ ಇರಬೇಕು, ಹೊಡೆಯುವ ತನಕ ಬೆರಳು ಕುದುರೆಗೆ ತಾಗಬಾರದು, ಹೇಳಿದಾಗಲೇ ಗುಂಡು ತುಂಬಬೇಕು, ಹೇಳಿದಾಗ ಖಾಲಿ ಮಾಡಿ ತೋರಿಸಬೇಕು. ಕಾರ್ಯದರ್ಶಿ ಪಕ್ಕದಲ್ಲೇ ನಿಂತು ಒಂದೊಂದನ್ನೂ ಹೇಳಿದ.

ಮಣಿಕಟ್ಟು ಚೀಲಕ್ಕೆ ಸರಿಯಾಗಿ ಊರಲೆಂದು ಅತ್ತೆ ಬಲಗೈಯ ಬಳೆಗಳನ್ನು ತೆಗೆದು ಎಡಗೈಗೆ ಹಾಕಿಕೊಂಡರು. ಪಿಸ್ತೂಲು ಎತ್ತಿಕೊಂಡರು. ಗುಂಡು ತುಂಬಲು ಹೇಳಿದಾಗ ಡಬ್ಬಿಯಿಂದ ಒಂದನ್ನು ಚಿಟಿಕೆಯಲ್ಲಿ ಹಿಡಿದರು. ಜೋಳದ ಕಾಳಿನಷ್ಟು ಚಿಕ್ಕದು ಅದು. ಬೆರಳು ನಡುಗಿ ಮೇಜಿನ ಮೇಲೆ ಬಿತ್ತು. ಇನ್ನೊಂದು ತೆಗೆದರು; ಅದೂ ಬಿದ್ದು ಉರುಳಿ ನೆಲಕ್ಕೆ ಹೋಯಿತು. ಹುಡುಗಿಯೊಬ್ಬಳು ಸಹಾಯಕ್ಕೆ ಮುಂದೆ ಬಂದಳು.

“ಬೇಡ,” ಎಂದರು ಅತ್ತೆ ಕನ್ನಡದಲ್ಲೇ. ಅವಳಿಗೆ ತಿಳಿಯಿತು, ಹಿಂದೆ ಸರಿದಳು.

ಮತ್ತೊಂದು ಬಿತ್ತು. ಆದರೆ ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಎಡಗೈಯಲ್ಲಿದ್ದ ಪಿಸ್ತೂಲಿನ ನಳಿಗೆ ಗುರಿಯ ಗೋಡೆಯಿಂದ ಈಚೆ ಬರಲಿಲ್ಲ. ಅತ್ತೆ ಕಾರ್ಯದರ್ಶಿಯ ಮುಖ ನೋಡಲಿಲ್ಲ, ಕ್ಷಮಿಸಿ ಎನ್ನಲಿಲ್ಲ, ನಗಲೂ ಇಲ್ಲ. ಇನ್ನೊಂದು ಗುಂಡು ತೆಗೆದರು. ಅದು ಕೂತಿತು. ಹೊಡೆದರು. ಖಾಲಿ ಮಾಡಿ ತೋರಿಸಿದರು. “ಕೌನ್ಸಾ ರೂಲ್ ತೋಡಾ?” ಎಂದು ಕೇಳಿದರು.

ಕಾರ್ಯದರ್ಶಿ ಪಕ್ಕಕ್ಕೆ ಸರಿದ.

ಪಂದ್ಯದಲ್ಲಿ ಅತ್ತೆ ಗೆಲ್ಲಲಿಲ್ಲ. ಆ ವಿಭಾಗದಲ್ಲಿ ಇದ್ದವರೇ ನಾಲ್ವರು, ಇವರು ಮೂರನೆಯವರು. ಶೆಡ್ಡಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯ ಮನಸ್ಸೂ ಕರಗಿರಬೇಕು; ಎಲ್ಲಿಂದಲೋ ಒಂದು ಕಪ್ ತರಿಸಿ, ಇದು ಆಜಿಗೆ ವಿಶೇಷ ಪ್ರೇರಣಾ ಬಹುಮಾನ ಎಂದು ಘೋಷಿಸಿದ.

ಅತ್ತೆ ಕಪ್ಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. “ಯೇ ಕೌನ್ಸಾ ನಂಬರ್ ಕಾ ಹೈ?”

“ನಂಬರ್ ನಹೀ ಆಜಿ, ಇನ್‌ಸ್ಪಿರೇಷನ್...”

“ಮೂರನೇ ನಂಬರಿಗೆ ಎಂತ ಉಂಟೋ ಅದು ಕೊಡ್ಲಿ,” ಎಂದು ನನಗೆ ಹೇಳಿ ಕಪ್ಪನ್ನು ಮೇಜಿನ ಮೇಲೆ ಇಟ್ಟರು. ಮೂರನೆಯವರಿಗೆ ಇದ್ದದ್ದು ಒಂದು ಸರ್ಟಿಫಿಕೇಟು. ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. ಮನೆಗೆ ಬರುವ ದಾರಿಯುದ್ದಕ್ಕೂ ಸಿಟ್ಟು. “ಚಪ್ಪಾಳೆ ಹೊಡೆದದ್ದು ಯಾರಿಗೆ? ನನ್ನ ಗುಂಡಿಗಾ, ನನ್ನ ನಡುಕಕ್ಕಾ? ನಡುಕಕ್ಕಾದ್ರೆ ನಂಗೆ ಬೇಡ. ಎರಡನೆಯವ ನನಗಿಂತ ಚೂರು ಮುಂದೆ ಅಷ್ಟೆ. ಕೊನೆಯ ಗುಂಡು ನಾನು ಅವಸರ ಮಾಡಿದೆ.”

ಮುಂದಿನ ವರ್ಷ ಎರಡನೆಯವರಾದರು. ಆಗ ಯಾರೂ ಎದ್ದು ನಿಲ್ಲಲಿಲ್ಲ, ಎಲ್ಲರಿಗೂ ತಟ್ಟುವಷ್ಟೇ ತಟ್ಟಿದರು. ಆ ದಿನ ಅತ್ತೆ ಠಾಣೆ ಸ್ಟೇಷನ್ನಿನಲ್ಲಿ ನನಗೆ ಕಬ್ಬಿನ ಹಾಲು ಕುಡಿಸಿದರು.

ಆಮೇಲೆ ಎದೆಯ ತೊಂದರೆ ಶುರುವಾಯಿತು. ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅಲ್ಲಲ್ಲಿ ನಿಲ್ಲುತ್ತಿದ್ದರು. ಡಾಕ್ಟರು ನಿಲ್ಲಿಸಿ ಎಂದರು, ನನ್ನ ಗಂಡ ಕೈಮುಗಿದ, ಹೋಗುತ್ತಲೇ ಇದ್ದರು. ಒಂದು ಭಾನುವಾರ ತಾವೇ, “ಇವತ್ತಿಗೆ ಸಾಕು. ನಾನು ಹೇಳಿದ್ದು ಇದು, ಡಾಕ್ಟ್ರು ಹೇಳಿದ್ದಲ್ಲ” ಎಂದು ಚೀಲವನ್ನು ಕ್ಲಬ್ಬಿನಲ್ಲೇ ಬಿಟ್ಟು ಬಂದರು. ಆ ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಡೊಂಬಿವಲಿಯ ಸಭಾಂಗಣದಲ್ಲಿ ಎಲೆ ಹಾಕುವ ಮೊದಲು, ಭಜನೆಗೆ ಕರೆದಿದ್ದ ಅದೇ ಹಿರಿಯರು ಎದ್ದು ನಾಲ್ಕು ಮಾತಾಡಿದರು. “ಸಾಧು ಹೆಂಗಸು. ಯಾರಿಗೂ ಒಂದು ದಿನ ಎದುರು ಮಾತಾಡಿದವರಲ್ಲ. ಕೊಟ್ಟದ್ದನ್ನು ತಗೊಂಡು, ಹೇಳಿದ ಕಡೆ ಕೂತು ಬಾಳಿದ ಜೀವ.” ಸುತ್ತಲಿನವರು ತಲೆಯಾಡಿಸಿದರು. ಅತ್ತೆಯ ಮೈದುನ ಕಣ್ಣೊರೆಸಿಕೊಂಡ.

ಸತ್ತವರನ್ನು ಹೀಗೆ ಒರೆಸಿ ನುಣ್ಣಗೆ ಮಾಡುವುದು ನಮ್ಮಲ್ಲಿ ಮರ್ಯಾದೆ. ನನಗೆ ಅದನ್ನು ಸಹಿಸಲಾಗಲಿಲ್ಲ. ನಾನು ಎದ್ದು ನಿಂತೆ.

“ಸು...” ಎಂದೆ. ಕಚ್ಚಿಕೊಂಡಿತು. “ಸು... ಸು...”

ನನ್ನ ಮಗಳು ತಲೆ ಎತ್ತಿ ನೋಡಿದಳು. ಹಿರಿಯರು, “ಸುಶೀಲೆ ಅನ್ನಲಿಕ್ಕೆ ಹೊರಟದ್ದಾ? ಸುಖಜೀವಿ ಅಂತಲಾ? ಕೂತ್ಕೊಳ್ಳಿ ಅಮ್ಮ, ದುಃಖ ಉಂಟು, ಅರ್ಥ ಆಗ್ತದೆ” ಎಂದರು. ನನ್ನ ಗಂಡ ಪಕ್ಕದಲ್ಲಿದ್ದ. ಅವನ ಬಾಯಿ ತೆರೆದದ್ದನ್ನು ಕಂಡೆ. ಅವನಿಗೆ ಆ ಶಬ್ದ ಗೊತ್ತಿತ್ತು. ಅವನು ಬಾಯಿ ಮುಚ್ಚಿಕೊಂಡು ಕಾದ.

“ಸುಳ್ಳು,” ಎಂದೆ ನಾನು. “ಅವರು ಎ... ಎದುರು ಮಾತಾಡ್ತಿದ್ರು. ಎಲ್ಲಾರಿಗೂ. ನಿ... ನಿಮಗೂ ಆಡ್ಯಾರ. ನಾ ಹೇಳ್ತೀನಿ, ಕೇಳ್ರಿ.”

ಒಳಗೆ ಬಡಿಸುವವರು ಸಾರಿನ ಪಾತ್ರೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಸಾರು ಆರುತ್ತದೆ ಎಂದು ಯಾರೋ ಪಿಸುಗುಟ್ಟಿದರು.

ಆರಲಿ ಎಂದುಕೊಂಡು ನಾನು ಮೊದಲಿನಿಂದ ಶುರುಮಾಡಿದೆ.