ಒಬ್ಬರೇ ಸಾಕು ಎಂದ ದಿನ

ಇವತ್ತು ಬೆಳಿಗ್ಗೆ ಹುಣಸೂರಿನಿಂದ ಪಿರಿಯಾಪಟ್ಟಣದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ವಾಸನೆ ಒಳಗೆ ನುಗ್ಗಿತು. ಸಿಹಿಯೂ ಘಾಟೂ ಬೆರೆತು ಗಂಟಲಲ್ಲಿ ಕೂರುವ ವಾಸನೆ. ನಮ್ಮ ಮೇಷ್ಟ್ರ ಅಂಗಿಯಲ್ಲಿ ಇದೇ ವಾಸನೆ ಇರುತ್ತಿತ್ತು. ಅವರು ಬೀಡಿ ಕೂಡ ಮುಟ್ಟಿದವರಲ್ಲ. ನಮ್ಮ ದೊಡ್ಡಪ್ಪನ ಬ್ಯಾರನ್ನಿಗೆ ಒತ್ತಿಕೊಂಡಿದ್ದ ಕೋಣೆಯಲ್ಲಿ ಇದ್ದರು, ಅಷ್ಟೆ.

ನಾನೀಗ ಪಿರಿಯಾಪಟ್ಟಣದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ದಿನವೂ ಡೈರಿ ಬರೆಯುತ್ತೇನೆ, ತಾರೀಖು ತಪ್ಪಿಸುವುದಿಲ್ಲ. ಆಗ ಬರೆಯುತ್ತಿರಲಿಲ್ಲ. ಹಾಗಾಗಿ ಮೇಷ್ಟ್ರ ಕಾಲವನ್ನು ಬೆಳೆಯ ಲೆಕ್ಕದಲ್ಲೇ ಹಿಡಿಯಬೇಕು... ಸಸಿ ನೆಡುವ ಹೊತ್ತಿಗೆ ಶಾಲೆಯ ಇನ್ನೊಬ್ಬ ಟೀಚರ್ ನಿವೃತ್ತರಾದರು. ಸೊಪ್ಪು ಮುರಿಯುವ ಹೊತ್ತಿಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ನಾನಾಗ ಐದನೇ ತರಗತಿ.

ಸರಗೂರಿನಿಂದ ಒಳಗಿದ್ದ ನಮ್ಮೂರ ಶಾಲೆಗೆ ಎರಡು ಕೋಣೆ, ಐದು ತರಗತಿ. ಮೇಷ್ಟ್ರು ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು ಆ ಕಡೆಗೆ ಲೆಕ್ಕ, ಈ ಕಡೆಗೆ ಪದ್ಯ ಹೇಳುತ್ತಿದ್ದರು. ಒಂದನೇ ತರಗತಿಯವರಿಗೆ ಅಕ್ಷರ ತಿದ್ದಿಸುವುದು ಐದನೆಯವರಾದ ನಮ್ಮ ಕೆಲಸ. ನಡುವೆ ಅಡುಗೆಯವರಿಗೆ ಅಕ್ಕಿ ಅಳೆದುಕೊಡಬೇಕು, ಮೀಟಿಂಗಿಗೆ ಓಡಬೇಕು. ಸಂಜೆ ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು.

ಅವರ ಹೆಂಡತಿ, ಪುಟ್ಟ ಮಗಳು ಇದ್ದದ್ದು ಕೆ.ಆರ್. ನಗರದಲ್ಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿದರೆ ಮನೆ ಸೇರುವಾಗ ಕತ್ತಲೆ. ಭಾನುವಾರ ಸಂಜೆ ಮತ್ತೆ ವಾಪಸ್ಸು. ‘ನನ್ನನ್ನ ನೋಡಿದ್ರೆ ನನ್ನ ಮಗಳು ಭಾನುವಾರ ಬಂತು ಅಂತಾಳೆ’ ಎಂದು ಒಮ್ಮೆ ದೊಡ್ಡಮ್ಮನ ಹತ್ತಿರ ಹೇಳಿ ನಕ್ಕಿದ್ದರು.

ಆ ವರ್ಷ ಅವರಿಗೆ ಕೆ.ಆರ್. ನಗರಕ್ಕೇ ವರ್ಗವಾಗಿತ್ತು. ಆದೇಶ ಕೈಯಲ್ಲಿತ್ತು. ಆದರೆ ಇದ್ದವರು ಅವರೊಬ್ಬರೇ ಆದ್ದರಿಂದ, ಬೇರೆಯವರು ಬಂದು ಹಾಜರಾಗುವವರೆಗೆ ಬಿಡುಗಡೆ ಇಲ್ಲ. ತಾಲ್ಲೂಕಿಗೆ ಹೊಸದಾಗಿ ಸಿಕ್ಕಿದ್ದು ಒಬ್ಬರು ಟೀಚರ್, ಕೇಳುತ್ತಿದ್ದದ್ದು ಮೂರು ಶಾಲೆ. ಯಾವ ಶಾಲೆಗೆ ಹೆಚ್ಚು ಕಷ್ಟವಿದೆ ಎಂದು ನೋಡಲು ಸಾಹೇಬರು ಬರುವವರಿದ್ದರು.

ದೊಡ್ಡಪ್ಪ ಆಗ ಶಾಲಾ ಸಮಿತಿಯ ಅಧ್ಯಕ್ಷರು. ನಮ್ಮ ಕಷ್ಟ ಏನಿದೆಯೋ ಅದನ್ನೇ ಸಾಹೇಬರಿಗೆ ಹೇಳಿ ಎಂದು ಮೇಷ್ಟ್ರು ಅವರನ್ನು ಕೇಳಿಕೊಂಡರು. ದೊಡ್ಡಪ್ಪನಿಗೆ ಅದು ಹಿಡಿಸಲಿಲ್ಲ.

‘ಬಂದೋರ ಮುಂದೆ ನಮ್ಮ ಮನೆ ಉಳುಕು ತೋರ್ಸಾದಾ ಮೇಷ್ಟ್ರೇ? ಮಕ್ಳು ದಡ್ರು ಅನ್ಕೊಂಡು ಇಸ್ಕೂಲೇ ಮುಚ್ಬುಟ್ರೆ?’

ಊರು ಶಾಲೆಯನ್ನು ಮದುವೆ ಮನೆಯಂತೆ ಸಿದ್ಧಮಾಡಿತು. ಸೊಪ್ಪು ಕಟ್ಟುವ ಕೆಲಸ ಅರ್ಧಕ್ಕೆ ಬಿಟ್ಟು ಹೆಂಗಸರು ಅಂಗಳ ಸಾರಿಸಿದರು. ಸೊಪ್ಪಿನ ಕಾಲದಲ್ಲಿ ಶಾಲೆ ತಪ್ಪಿಸುವ ಹುಡುಗರೂ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದರು. ಸಾಹೇಬರು ಕೇಳಿದ್ದಕ್ಕೆಲ್ಲ ನಾವು ಪಟಪಟನೆ ಉತ್ತರ ಹೇಳಿದೆವು. ಒಂದನೇ ತರಗತಿಯ ಮಗುವೊಂದು ಬೋರ್ಡಿನ ಮೇಲೆ ಊರ ಹೆಸರನ್ನೇ ಬರೆಯಿತು.

ಸಾಹೇಬರು ಬೆರಗಾಗಿ, ಒಬ್ಬರೇ ಹೇಗೆ ನಡೆಸುತ್ತಿದ್ದೀರಿ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಪ್ಪ ಮುಂದೆ ಬಂದರು.

‘ನಮ್ ಮೇಷ್ಟ್ರು ಒಬ್ರೇ ಸಾಕು ಸಾ. ಅಂಗೆ ನೋಡ್ಕತಾವ್ರೆ.’

ಹೊಸ ಟೀಚರ್ ಬೇರೆ ಊರಿಗೆ ಹೋದರು. ಅಲ್ಲಿಯ ಮಕ್ಕಳು ಮರದಡಿ ಸುಮ್ಮನೆ ಕೂತಿದ್ದರಂತೆ, ಕಲಿಸುವವರೇ ಇರಲಿಲ್ಲವಂತೆ. ಸಾಹೇಬರು ಮಾಡಿದ್ದು ತಪ್ಪು ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಸುದ್ದಿ ಬಂದ ಸಂಜೆ ದೊಡ್ಡಪ್ಪ ತಲೆ ತಗ್ಗಿಸಿಕೊಂಡು ಮೇಷ್ಟ್ರ ಕೋಣೆಗೆ ಹೋದರು. ನಾನು ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದೆ.

‘ಬಿಡಿ ಯಜಮಾನ್ರೇ, ಮಕ್ಕಳು ಚೆನ್ನಾಗಿ ಹೇಳಿದ್ವು’ ಎಂದರು ಮೇಷ್ಟ್ರು. ಕಾಫಿ ಕುಡಿಯಲಿಲ್ಲ... ಅಥವಾ ಆಮೇಲೆ ಕುಡಿದರೋ ಏನೋ.

ಅವರಿಗೆ ಬಿಡುಗಡೆ ಸಿಗುವ ಹೊತ್ತಿಗೆ ನಾನು ಸರಗೂರಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ಹೋಗುವಾಗ ನೋಡಲಿಲ್ಲ. ದೊಡ್ಡಪ್ಪನಿಗೆ ಮಾತ್ರ ವರ್ಷಗಳು ಕಳೆದಂತೆ ಆ ದಿನದ ಬೇಸರ ಮರೆತು ಹೆಮ್ಮೆಯಷ್ಟೇ ಉಳಿಯಿತು. ಸಾಹೇಬರನ್ನು ಬೆರಗುಗೊಳಿಸಿದ ಕಥೆಯನ್ನು ನೆಂಟರು ಬಂದಾಗಲೆಲ್ಲ ಹೇಳುತ್ತಿದ್ದರು.

ಈ ಆಷಾಢದಲ್ಲಿ ಮೇಷ್ಟ್ರು ತೀರಿಕೊಂಡರು. ತಿಥಿಗೆ ದೊಡ್ಡಪ್ಪನನ್ನು ಕರೆದುಕೊಂಡು ಕೆ.ಆರ್. ನಗರಕ್ಕೆ ಹೋದೆ. ಅವರ ಮಗಳು ಈಗ ಕಾಲೇಜು ಓದುತ್ತಿದ್ದಾಳೆ. ನಾವು ಯಾವ ಊರಿನವರೆಂದು ತಿಳಿದು, ಎಲೆ ಹಾಕಿ ಕೂರಿಸಿದಳು. ಅಪ್ಪ ನಿಮ್ಮೂರ ಮಕ್ಕಳ ಹೆಸರನ್ನೆಲ್ಲ ಹೇಳುತ್ತಿದ್ದರು ಎಂದಳು. ಯಾವ ಕಹಿಯೂ ಇಲ್ಲದೆ, ಪಲ್ಯ ಬಡಿಸುತ್ತಲೇ ಇನ್ನೊಂದು ಮಾತು ಸೇರಿಸಿದಳು.

‘ನಂಗೆ ಮಗ್ಗಿ ಕಲಿಸಿದ್ದು ಅಮ್ಮ. ಅಪ್ಪ ಮನೆಗೆ ಬರೋ ಹೊತ್ತಿಗೆ ನಾನು ಕಲಿತಾಗಿತ್ತು.’

ವಾಪಸ್ಸು ಬರುವಾಗ ಹುಣಸೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡರು.

‘ಅವತ್ತು ಆ ಸಾಹೇಬ್ರಿಗೆ ನಾನು ಏನಂದೆ ಅಂತ ನಿಂಗೆ ಗ್ಯಾಪ್ಕ ಐತಾ ಮಗ?’

‘ಇಲ್ಲ ದೊಡ್ಡಪ್ಪ,’ ಎಂದೆ. ‘ನಾನಾಗ ಚಿಕ್ಕವಳು.’