ನನ್ನ ಗಂಡನ ಜೊತೆ ನಡೆದ ಮುದುಕ

ಎಂಬತ್ತು ದಾಟಿದ, ಒಂದು ಕಾಲು ಸರಿಯಾಗಿ ಏಳದ ಮುದುಕನೊಬ್ಬನ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಇಡೀ ಅಬುಧಾಬಿಯಲ್ಲಿ ನಾನೊಬ್ಬಳೇ ಇರಬೇಕು. ಗಂಡನ ಮನಸ್ಸು ಇನ್ನೊಬ್ಬ ಹೆಂಗಸಿನ ಕಡೆ ತಿರುಗಿದರೆ ಅಳುವುದಕ್ಕಾದರೂ ಒಂದು ಮರ್ಯಾದೆ ಇರುತ್ತದೆ, ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ. ನನ್ನ ಕಷ್ಟ ಹೇಳಿಕೊಂಡರೆ ಕೇಳಿದವರು ನಗುತ್ತಿದ್ದರು.

ನನ್ನ ಗಂಡ ಉಡುಪಿ ಕಡೆಯವರು. ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಸಹಾಯಕರಾಗಿದ್ದರು. ಪಾರ್ಶ್ವವಾಯು ಬಡಿದವರನ್ನು ಎಬ್ಬಿಸಿ ನಿಲ್ಲಿಸುವುದು, ಕಂಬಿ ಹಿಡಿಸಿ ಒಂದೊಂದೇ ಹೆಜ್ಜೆ ಇಡಿಸುವುದು ಇವರ ಕೆಲಸ. ಅಲ್ಲಿಗೆ ಬರುತ್ತಿದ್ದ ಒಬ್ಬ ಅರಬ್ ಮುದುಕನಿಗೆ ಇವರ ಕೈ ಒಗ್ಗಿಬಿಟ್ಟಿತು. ಬೇರೆ ಯಾರು ಹಿಡಿದರೂ ಏಳುವುದಿಲ್ಲ ಎಂದು ಕೂತುಬಿಟ್ಟನಂತೆ. ಕೊನೆಗೆ ಅವನ ಮಕ್ಕಳು ಇವರ ವೀಸಾವನ್ನೇ ತಮ್ಮ ಕಡೆಗೆ ಬದಲಾಯಿಸಿಕೊಂಡು, ಖಾಲಿದಿಯಾ ಬಡಾವಣೆಯ ತಮ್ಮ ವಿಲ್ಲಾದಲ್ಲಿ ಅಪ್ಪನನ್ನು ನಡೆಸುವ ಕೆಲಸಕ್ಕೆ ಇಟ್ಟುಕೊಂಡರು. ಮನೆಯವರೆಲ್ಲ ಅವನನ್ನು ಬಾಬಾ ಎನ್ನುತ್ತಿದ್ದರು, ಇವರೂ ಹಾಗೆಯೇ ಕರೆದರು. ನಾನು ಮಾತ್ರ ಮನಸ್ಸಿನಲ್ಲಿ ಮುದುಕ ಎಂದೇ ಕರೆಯುತ್ತಿದ್ದೆ.

ಬಯಲಿನಲ್ಲಿ ನಡೆಸಿ, ಏರು ತಗ್ಗುಗಳಲ್ಲಿ ನಡೆಸಿ ಎಂದು ಡಾಕ್ಟರು ಹೇಳಿದರು. ಅಬುಧಾಬಿಯಲ್ಲಿ ಜುಲೈ ಬಂತೆಂದರೆ ಟ್ಯಾಕ್ಸಿಯಿಂದ ಇಳಿದು ಕಟ್ಟಡದ ಬಾಗಿಲು ತಲುಪುವಷ್ಟರಲ್ಲಿ ಬೆನ್ನು ನೆನೆದಿರುತ್ತದೆ, ಇನ್ನು ಏರು ತಗ್ಗು ಎಲ್ಲಿಂದ ತರುವುದು? ದುಡ್ಡಿದ್ದವರು ಅದಕ್ಕೆ ಇಟಲಿಗೆ ಹೋದರು. ಉತ್ತರದ ಕಡೆ ಒಂದು ದೊಡ್ಡ ಸರೋವರದ ದಂಡೆಯ ಸಣ್ಣ ಊರಿನಲ್ಲಿ ಎರಡು ತಿಂಗಳಿಗೆ ಮನೆ ಹಿಡಿದರು. ಮುದುಕ ಹೋದ, ಅವನ ಮಗಳು ಹೋದಳು, ಅಡುಗೆಯವನು ಹೋದ, ನನ್ನ ಗಂಡನೂ ಹೋದರು. ಅದು 2013ರ ಬೇಸಿಗೆ, ಆಮೇಲಿನ ಎರಡು ಬೇಸಿಗೆಯೂ ಹಾಗೆಯೇ ಹೋದರು.

ನಾನು ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಶಾಲೆಗೆ ರಜೆ ಸಿಕ್ಕಿ ಬೇಜಾರು ಹಿಡಿದ ಮಗಳ ಜೊತೆ ಉಳಿದೆ. ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿ ನನಗೆ ಕೆಲಸ, ಬೇಸಿಗೆಯಲ್ಲಿ ರಜೆ ಸಿಗುತ್ತಿರಲಿಲ್ಲ. ಪರಿಚಯದವರೆಲ್ಲ ಮಂಗಳೂರಿಗೆ ಹೋಗಿ ಲಿಫ್ಟ್ ಕೂಡ ಖಾಲಿಯಾಗಿ ಹತ್ತಿ ಇಳಿಯುವ ದಿನಗಳು ಅವು. ದಿನಾ ಸಂಜೆ ನನ್ನ ಫೋನಿಗೆ ಇವರ ಫೋಟೋಗಳು ಬರುತ್ತಿದ್ದವು. ನೀರಿನ ಪಕ್ಕದ ಕಲ್ಲುಹಾಸಿನ ದಾರಿ. ದಾರಿಯಲ್ಲಿ ಮುದುಕನ ಬೆನ್ನು. ಹಳದಿ ಮನೆ, ಅದರ ಮುಂದೆ ಮುದುಕನ ಬೆನ್ನು. ದೋಣಿ ಕಟ್ಟುವ ಜಾಗದವರೆಗೆ ಇವತ್ತು, ಚರ್ಚಿನ ಮೆಟ್ಟಿಲವರೆಗೆ ನಾಳೆ ಎಂದು ಕೆಳಗೆ ಬರೆದಿರುತ್ತಿದ್ದರು. ಮಗಳು ಮೊದಮೊದಲು ನೋಡಿದಳು, ಆಮೇಲೆ "ಸೇಮ್ ಅಂಕಲ್, ಸೇಮ್ ರೋಡ್" ಎಂದು ಬಿಟ್ಟುಬಿಟ್ಟಳು. ನಾನು ಬಿಡಲಿಲ್ಲ. ಆ ದಾರಿಯಲ್ಲಿ ಎಷ್ಟನೆಯ ತಿರುವಿಗೆ ಹಣ್ಣಿನಂಗಡಿ ಇದೆ ಎಂಬುದು ಇವತ್ತಿಗೂ ನನಗೆ ಗೊತ್ತು.

ನನ್ನ ಹೊಟ್ಟೆ ಉರಿದದ್ದು ಇಟಲಿಗಾಗಿ ಅಲ್ಲ. ಮದುವೆಯಾದಂದಿನಿಂದ ಇವರು ನನ್ನ ಜೊತೆ ಒಂದು ದಿನವೂ ನಡೆದಿರಲಿಲ್ಲ. ಚಳಿಗಾಲದ ಶುಕ್ರವಾರಗಳಂದು ಎಲ್ಲರ ಹಾಗೆ ನಾವೂ ಕಾರ್ನಿಷ್‌ಗೆ ಹೋಗುತ್ತಿದ್ದೆವು. ಸಮುದ್ರದ ಪಕ್ಕ ಉದ್ದಕ್ಕೂ ಎಷ್ಟು ಚಂದದ ಕಾಲುದಾರಿ. ಗಂಡ ಹೆಂಡಿರು ಕಡಲೆ ತಿನ್ನುತ್ತ, ಜಗಳವಾಡುತ್ತ, ಹೇಗೋ ಅಂತೂ ಜೊತೆಯಲ್ಲಿ ನಡೆಯುತ್ತಾರೆ. ಇವರು ಹೋದ ಕೂಡಲೇ ಒಂದು ಬೆಂಚು ಹುಡುಕಿ, ಶೂ ಕಳಚಿ, ಕಾಲು ಚಾಚಿಬಿಡುತ್ತಿದ್ದರು.

"ನೀವಿಬ್ಬರು ಒಂದು ರೌಂಡ್ ಹೋಗಿ ಬನ್ನಿ, ನಾನು ಇಲ್ಲೇ ಉಂಟು."

"ಒಂದು ದಿನ ಆದ್ರೂ ಬನ್ನಿ ನೋಡುವ."

"ಇಡೀ ದಿನ ನಡೆದು ಸಾಕಾಗಿದೆ ಮಾರಾಯ್ತಿ."

ನಾನು ಒಬ್ಬಳೇ ನಡೆಯುತ್ತಿದ್ದೆ, ಮಗಳು ಮುಂದೆ ಓಡುತ್ತಿದ್ದಳು. ಹಿಂದಿರುಗಿ ಬರುವಾಗ ಇವರು ಬೆಂಚಿನಲ್ಲೇ ತೂಕಡಿಸುತ್ತಿದ್ದರು. ಹಾಗಿರುವ ಮನುಷ್ಯ ಅಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದೂವರೆ ಗಂಟೆ, ಯಾರದೋ ಅಪ್ಪನ ಜೊತೆ ಹೂ ಬಿಟ್ಟ ಬೇಲಿಗಳ ನಡುವೆ ನಡೆಯುತ್ತಿದ್ದರೆ ನನಗೆ ಹೇಗಾಗಬೇಡ?

ಪಕ್ಕದ ಫ್ಲ್ಯಾಟಿನ ಭಟ್ಕಳದ ಹೆಂಗಸಿಗೆ ಮಾತ್ರ ಇದನ್ನು ಹೇಳಿದ್ದೆ. ಅವಳ ಗಂಡನಿಗೆ ದುಬೈಯ ದೇರಾದಲ್ಲಿ ಅಂಗಡಿ, ವಾರಕ್ಕೊಮ್ಮೆ ಬರುತ್ತಿದ್ದ. ಕ್ಲಿನಿಕ್ಕಿಗೆ ಹೋಗುವ ಮೊದಲು ನಾವಿಬ್ಬರು ಮಾಲಿನೊಳಗೆ, ಅಂಗಡಿಗಳು ತೆರೆಯುವ ಮುಂಚೆ, ನಾಲ್ಕು ಸುತ್ತು ಹಾಕುತ್ತಿದ್ದೆವು. ಬೇಸಿಗೆಯಲ್ಲಿ ನಡೆಯಲು ಬೇರೆ ಜಾಗವಿಲ್ಲ.

"ಮುದುಕನ ಮೇಲೆ ಜೆಲಸಿ ಮಾಡ್ತೀಯಲ್ಲ, ನಿನಗೆ ತಲೆ ಸರಿ ಉಂಟಾ? ನನ್ನ ಗಂಡ ಅಂಗಡಿಯಲ್ಲಿ ಗಿರಾಕಿಗಳ ಹತ್ರ ನಗ್ತಾನೆ ಅಂತ ನಾನು ಗಿರಾಕಿಗಳ ಮೇಲೆ ಸಿಟ್ಟು ಮಾಡುದಾ?" ಎಂದಳು.

"ಗಿರಾಕಿಗಳ ಹತ್ರ ನಗ್ತಾರೆ, ನಿನ್ನ ಹತ್ರ ನಗುದೇ ಇಲ್ಲ ಅಂದ್ರೆ?"

ಅವಳು ಬೇರೆ ಮಾತು ತೆಗೆದಳು.

ಮೂರನೆಯ ಬೇಸಿಗೆಯಲ್ಲಿ ನಾನು ಮಾಡಬಾರದ ಕೆಲಸ ಮಾಡಿದೆ. ಊರಿನ ಹಿಂದಿನ ಗುಡ್ಡದ ನೆತ್ತಿಯಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರವಿತ್ತಂತೆ. ಎರಡು ವರ್ಷ ಕೆಳಗಿನಿಂದಲೇ ಅದನ್ನು ನೋಡುತ್ತಿದ್ದ ಮುದುಕ, ಒಂದು ದಿನ ಇವರ ಕೈ ಹಿಡಿದು ಅಲ್ಲಿಯವರೆಗೆ ಹತ್ತಿಬಿಟ್ಟ. ಆ ಸಂಜೆ ಇವರು ಬರೆದದ್ದು ಇಷ್ಟು: ಬಾಬಾ ಮೇಲೆ ಕೂತು ಅತ್ತರು, ನನಗೂ ಅಳು ಬಂತು.

ಇವರ ಕಣ್ಣಲ್ಲಿ ನೀರು ನಾನು ನೋಡಿಯೇ ಇಲ್ಲ. ಮಗಳು ಹುಟ್ಟಿದಾಗ "ಉಸಿರಾಟ ಒಳ್ಳೆದುಂಟು" ಎಂದು ಹೇಳಿದ ಮನುಷ್ಯ. ಆ ಸಂದೇಶವನ್ನು ಹತ್ತು ಸಲ ಓದಿದೆ. ಓದಿದಷ್ಟೂ ಮೈ ಬಿಸಿಯಾಯಿತು. ಮಗಳಿಗೆ ಏಸಿಯ ಗಾಳಿಗೆ ಸ್ವಲ್ಪ ಶೀತವಾಗಿತ್ತು, ಅಷ್ಟೆ. ನಾನು ಫೋನ್ ಮಾಡಿ, ಮೂರು ದಿನದಿಂದ ಜ್ವರ ಇಳಿಯುತ್ತಿಲ್ಲ, ನೂರಮೂರು ಇದೆ, ಒಬ್ಬಳೇ ಹೇಗೆ ಸಂಭಾಳಿಸಲಿ ಎಂದುಬಿಟ್ಟೆ. ಧ್ವನಿ ನಡುಗಿಸುವ ಕಷ್ಟವೂ ಬೀಳಲಿಲ್ಲ, ತಾನಾಗಿ ನಡುಗಿತು.

ಆ ಮನೆಯವರು ದೊಡ್ಡವರು. ಮರುದಿನವೇ ಟಿಕೆಟ್ ಮಾಡಿ ಕಳಿಸಿದರು. ಇವರು ಸೂಟ್‌ಕೇಸ್ ಎಳೆದುಕೊಂಡು ಒಳಗೆ ಬಂದಾಗ ಮಗಳು ಸೋಫಾದಲ್ಲಿ ಚಿಪ್ಸ್ ತಿನ್ನುತ್ತ ಕಾರ್ಟೂನ್ ನೋಡುತ್ತಿದ್ದಳು.

"ಡ್ಯಾಡಿ, ವೈ ಆರ್ ಯೂ ಹಿಯರ್?"

ಇವರು ಅವಳ ಹಣೆ ಮುಟ್ಟಿದರು, ಕುತ್ತಿಗೆ ಮುಟ್ಟಿದರು. ನಾಲಿಗೆ ಚಾಚಿಸಿ ನೋಡಿದರು.

"ನಿನ್ನೆಯಿಂದ ಕಮ್ಮಿ ಆಯ್ತು" ಎಂದೆ.

"ಹ್ಞೂಂ" ಎಂದರು. ಶೂ ಬಿಚ್ಚಿ, ಕೈಕಾಲು ತೊಳೆದು, ಮಗಳ ಪಕ್ಕ ಕೂತು ಅರ್ಧ ಕಾರ್ಟೂನ್ ನೋಡಿದರು.

ಎಂಟು ದಿನ ಇದ್ದರು. ಆ ಎಂಟು ದಿನವೂ ಮುದುಕ ಫೋನ್ ಮಾಡಿ ಮಗು ಹೇಗಿದೆ ಎಂದು ಕೇಳಿದ. ನಾನು ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ, ಇವರು ಹರಕು ಮುರುಕು ಅರಬ್ಬಿಯಲ್ಲಿ ಚೆನ್ನಾಗಿದ್ದಾಳೆ ಬಾಬಾ, ದೇವರು ದೊಡ್ಡವನು ಎನ್ನುತ್ತಿದ್ದರು. ಮುದುಕ ಮಾತ್ರ ಆ ಎಂಟು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲವಂತೆ. ಅವನ ಮಗಳು ಕರೆದರೂ ಇಲ್ಲ, ಅಡುಗೆಯವನು ಕೈ ಕೊಟ್ಟರೂ ಇಲ್ಲ. ಇವರು ಹಿಂತಿರುಗಿ ಹೋಗುವಷ್ಟರಲ್ಲಿ ಕಾಲು ಬಿಗಿದುಹೋಗಿತ್ತು. ಮತ್ತೆ ಆ ಗುಡ್ಡ ಹತ್ತಲೇ ಇಲ್ಲ. ಚರ್ಚಿನ ಮೆಟ್ಟಿಲವರೆಗೆ ಇದ್ದದ್ದು ದೋಣಿ ಕಟ್ಟುವ ಜಾಗದವರೆಗೆ ಬಂತು, ಆಮೇಲೆ ಮನೆಯ ಗೇಟಿನವರೆಗೆ ಬಂತು.

ವಯಸ್ಸಾಗಿತ್ತು, ಹೇಗೂ ಆಗುವುದೇ ಆಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಬರಲಿಲ್ಲ. ನಾನು ಕೆಡಿಸಿದೆ ಎಂದು ಗೊತ್ತಿತ್ತು, ನಾಚಿಕೆಯೂ ಆಯಿತು. ಆದರೆ ನಿಜ ಹೇಳಬೇಕೆಂದರೆ, ಆ ನಾಚಿಕೆಯ ನಡುವೆಯೂ ಹೊಟ್ಟೆಕಿಚ್ಚು ಆರಲಿಲ್ಲ. ಇವರಿಲ್ಲದೆ ನಡೆಯುವುದಿಲ್ಲ ಎಂದು ಹಠ ಹಿಡಿಯಲು ಮುದುಕನಿಗೆ ಸಾಧ್ಯವಿತ್ತು. ನಾನು ಹಾಗೆ ಹಠ ಹಿಡಿದು ಕೂತಿದ್ದರೆ ಕ್ಲಿನಿಕ್ಕಿಗೆ ಯಾರು ಹೋಗುತ್ತಿದ್ದರು, ಮಗಳ ಟಿಫಿನ್ ಯಾರು ಕಟ್ಟುತ್ತಿದ್ದರು?

ಮುಂದಿನ ಬೇಸಿಗೆಯಲ್ಲಿ ಅವರು ಇಟಲಿಗೆ ಹೋಗಲಿಲ್ಲ. ಮುದುಕ ಗಾಲಿಕುರ್ಚಿಗೆ ಬಂದಿದ್ದ. ಇವರ ಕೆಲಸ ಉಳಿಯಿತು, ಆದರೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ನವೆಂಬರಿನ ಒಂದು ಶುಕ್ರವಾರ ಕಾರ್ನಿಷ್‌ನಲ್ಲಿ ಇವರು ಬೆಂಚು ಹುಡುಕಲಿಲ್ಲ. ಮಗಳು ಬಾಡಿಗೆ ಸೈಕಲ್ ಹತ್ತಿ ಮುಂದೆ ಹೋದಳು. ಇವರು ಶೂ ಲೇಸ್ ಬಿಗಿ ಮಾಡಿಕೊಂಡು ಎದ್ದು ನಿಂತರು.

"ಬಾ, ನಡೆಯುವ. ಕೂತು ಕೂತು ಕಾಲು ಹಿಡಿತದೆ ಈಗ."

ಹನ್ನೆರಡು ವರ್ಷ ಕಾದ ಮಾತು. ಅದು ಬಂದದ್ದೂ ಕಾಲಿಗಾಗಿ, ನನಗಾಗಿ ಅಲ್ಲ ಎಂದು ಒಳಗೆ ಚುಚ್ಚಿತು. ಆದರೂ ಹೊರಟೆ.

ಸ್ವಲ್ಪ ದೂರ ಹೋದ ಮೇಲೆ ಪಕ್ಕಕ್ಕೆ ತಿರುಗಿ ಏನೋ ಹೇಳಲು ನೋಡಿದರೆ ಇವರು ಪಕ್ಕದಲ್ಲಿಲ್ಲ. ಅರ್ಧ ಹೆಜ್ಜೆ ಹಿಂದೆ ಇದ್ದಾರೆ. ನಾನು ನಿಧಾನಿಸಿದೆ, ಇವರೂ ನಿಧಾನಿಸಿದರು. ಬೇಗ ಹೆಜ್ಜೆ ಹಾಕಿದೆ, ಆಗಲೂ ಅರ್ಧ ಹೆಜ್ಜೆ ಹಿಂದೆಯೇ. ಕಣ್ಣು ಸಮುದ್ರದ ಕಡೆ ಇಲ್ಲ, ನನ್ನ ಮುಖದ ಕಡೆಯೂ ಇಲ್ಲ, ನನ್ನ ಪಾದಗಳ ಮುಂದಿನ ನೆಲದ ಮೇಲೆ. ಒಂದು ಕಡೆ ಕಾಲುದಾರಿ ಸ್ವಲ್ಪ ಇಳಿಯುತ್ತದೆ. ಅಲ್ಲಿಗೆ ಬಂದಾಗ ಇವರ ಕೈ ತಾನಾಗಿ ನನ್ನ ಮೊಣಕೈ ಕೆಳಗೆ ಬಂತು.

"ಶುವೈ, ಶುವೈ" ಎಂದರು. ನಿಧಾನ, ನಿಧಾನ ಎಂದು ಅರಬ್ಬಿಯಲ್ಲಿ.

"ನಾನು ನಿಮ್ಮ ಬಾಬಾ ಅಲ್ಲ."

ಇವರು ಕೈ ತೆಗೆದರು. ಮುಖ ಸಣ್ಣದಾಯಿತು. "ನನಗೆ ಬೇರೆ ತರ ನಡೀಲಿಕ್ಕೆ ಮರೆತೇ ಹೋಗಿದೆ" ಎಂದರು.

"ಅಷ್ಟು ವರ್ಷ ಕರೆದಾಗ ಯಾಕೆ ಬರ್ಲಿಲ್ಲ?"

"ಅವರ ಜೊತೆ ಇರುವಾಗ ಕೂತ್ಕೊಳ್ಳಿಕ್ಕೆ ಇಲ್ಲ ಅಲ್ವಾ. ಬಾಬಾ ಕೂತ್ರೂ ನಾನು ನಿಂತೇ ಇರ್ಬೇಕು, ಬಿದ್ರೆ ಎಂತ ಮಾಡುದು? ಅಲ್ಲಿ ಮೂರು ವರ್ಷದಲ್ಲಿ ಆ ಕೆರೆಯನ್ನು ಸರಿಯಾಗಿ ನೋಡ್ಲೇ ಇಲ್ಲ ನಾನು. ನೆಲ ನೋಡಿದ್ದೇ ಜಾಸ್ತಿ. ನಿಮ್ಮಿಬ್ಬರ ಜೊತೆ ಆದ್ರೆ ಕೂತ್ಕೊಳ್ಳಬಹುದು ಅಂತ ಕೂತ್ಕೊಳ್ತಿದ್ದೆ."

ಇನ್ನೊಂದಿಷ್ಟು ದೂರ ನಡೆದ ಮೇಲೆ ಇವರೇ ಮಾತಾಡಿದರು.

"ಅವತ್ತು ಮಗುವಿಗೆ ಜ್ವರ ಇರ್ಲಿಲ್ಲ ಅಂತ ನನಗೆ ಗೊತ್ತಾಗಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನಿನಗೆ ಎಂತದೋ ಬೇಕಿತ್ತು, ಅದಕ್ಕೆ ಕರೆಸಿದ್ದಿ. ಎಂತ ಅಂತ ನೋಡಿಯೇ ಹೋಗುವ ಅಂತ ಎಂಟು ದಿನ ಇದ್ದೆ. ಗೊತ್ತಾಗ್ಲಿಲ್ಲ."

ಹತ್ತಿರದಲ್ಲೇ ಒಂದು ಖಾಲಿ ಬೆಂಚು ಇತ್ತು. ಒಳ್ಳೆಯ ಹೆಂಡತಿಯಾಗಿದ್ದರೆ ಆಗ ಇವರನ್ನು ಅಲ್ಲಿ ಕೂರಿಸಿ, ಸಮುದ್ರ ನೋಡಿ ಎನ್ನುತ್ತಿದ್ದೆ. ಹಾಗೆ ಹೇಳಬೇಕೆಂದು ಬಾಯಿಯವರೆಗೂ ಬಂತು. ಆದರೆ ಮುದುಕನಿಗೆ ಮೂರು ಬೇಸಿಗೆ ಸಿಕ್ಕಿದ್ದವು, ನನಗೆ ಸಿಕ್ಕಿದ್ದು ಹತ್ತು ನಿಮಿಷ. ನಾನು ಬೆಂಚು ದಾಟಿ ಹೋದೆ. ನಾಲ್ಕು ಹೆಜ್ಜೆ ಹೋದ ಮೇಲೆ ಒಂದು ಕಾಲನ್ನು ಸ್ವಲ್ಪ ಎಳೆದು ಹಾಕಿದೆ. ಪಾರ್ಶ್ವವಾಯು ಬಡಿದ ಕಾಲುಗಳ ನಡುವೆ ಹದಿನೈದು ವರ್ಷ ಕಳೆದವರಿಗೆ ಅದು ನಾಟಕವೆಂದು ತಿಳಿಯದೆ ಇರುತ್ತದೆಯೇ? ಇವರು ಏನೂ ಕೇಳಲಿಲ್ಲ. ಕೈ ಮತ್ತೆ ಮೊಣಕೈ ಕೆಳಗೆ ಬಂತು, ಮಗಳು ಸೈಕಲ್ ತಿರುಗಿಸಿಕೊಂಡು ನಮ್ಮ ಹತ್ತಿರ ಬರುವವರೆಗೂ ಅಲ್ಲೇ ಇತ್ತು.