ಮಗಳ ಆಟವನ್ನು ಪೂರ್ತಿ ಆಡಿದ ಅಕ್ಕ

ಓದುವಾಗ ಅವರ ತುಟಿಗಳು ಸದ್ದಿಲ್ಲದೆ ಅಲುಗಾಡುತ್ತಿದ್ದವು. ಲೈಟ್ ಬಿಲ್ಲಾಗಲಿ, ಔಷಧಿ ಬಾಟಲಿಯ ಮೇಲಿನ ಚೀಟಿಯಾಗಲಿ, ಯಾವುದನ್ನೂ ಅವರು ಬರೀ ಕಣ್ಣಲ್ಲಿ ಓದಿದವರಲ್ಲ. ನಮ್ಮ ಎದುರುಮನೆಯ ಅಕ್ಕ ಉಡುಪಿ ಕಡೆಯವರು. ಮುಂಬೈಯ ಅಂಧೇರಿಯ ಡಬ್ಬಿಂಗ್ ಸ್ಟುಡಿಯೋಗಳಲ್ಲಿ ಪರದೆಯ ಮೇಲಿನ ತುಟಿಗಳಿಗೆ ಮಾತು ಹೊಂದಿಸಿ, ದನಿ ಕೊಟ್ಟು ನಿವೃತ್ತರಾದವರು. ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ನನಗೆ ಕನ್ನಡದಲ್ಲಿ ಹರಟಲು ಇದ್ದವರು ಅವರೊಬ್ಬರೇ.

ನನ್ನ ಮಗಳು ಬ್ಯಾಂಕಿನ ಕೆಲಸ ಬಿಟ್ಟು, ಮನೆಯಲ್ಲಿ ಕೂತು ವಿಶುವಲ್ ನಾವೆಲ್ ಎಂಬ ಒಂದು ಆಟ ಮಾಡಿದ್ದಳು. ಕಂಪ್ಯೂಟರಿನಲ್ಲಿ ಚಿತ್ರ ಬರುತ್ತದೆ, ಕೆಳಗೆ ಮಾತು. ನಡುನಡುವೆ ಮೂರು ಉತ್ತರಗಳು ಕಾಣುತ್ತವೆ, ನಾವು ಒತ್ತಿದ ಉತ್ತರದಂತೆ ಕಥೆ ಹೊರಳುತ್ತದೆ. ಕೆಲಸ ಬಿಟ್ಟ ಹುಡುಗಿಯೊಬ್ಬಳು ಅದನ್ನು ತಾಯಿಗೆ ಹೇಳುವ ಪುಟ್ಟ ಕಥೆ. ಮಾತೆಲ್ಲ ನಮ್ಮ ಮನೆಯ ಹಾಗೆ ಕನ್ನಡ, ಹಿಂದಿ, ಇಂಗ್ಲಿಷಿನ ಬೆರಕೆ. ಗೆಳೆಯರೆಲ್ಲ "ಸೂಪರ್" ಎಂದು ಬರೆದು ಕಳಿಸಿದರು. ನಾನೂ "ಚೆನ್ನಾಗಿದೆ ಪುಟ್ಟಾ" ಎಂದೆ. ಯಾರ ಮನಸ್ಸೂ ನೋಯಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ನನ್ನ ನಾಲಿಗೆಯಲ್ಲೇ ಕೂತುಬಿಟ್ಟಿದೆ.

"ಯಾರೂ ಪೂರ್ತಿ ಆಡಿಲ್ಲಮ್ಮ, ಗೊತ್ತಾಗುತ್ತೆ. ಡಿಲೀಟ್ ಮಾಡಿ ಮತ್ತೆ ಬ್ಯಾಂಕ್ ಜಾಬ್ ಹುಡುಕ್ತೀನಿ, ಬಸ್!" ಎಂದಳು ಮಗಳು.

ಕರಿಬೇವು ಕೇಳಲು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತರು. "ಅಳಿಸ್ಲಿಕ್ಕೆ ಎಂತ ಅವಸರ ಮಾರಾಯ್ತಿ? ನನಗೊಮ್ಮೆ ತೋರಿಸು."

ಸ್ಟುಡಿಯೋದಲ್ಲಿ ಅವರದೊಂದು ಪದ್ಧತಿಯಿತ್ತಂತೆ: ಮೊದಲ ಸಲ ನೋಡುವಾಗ ಯಾವ ಅಭಿಪ್ರಾಯವನ್ನೂ ಹೇಳಬಾರದು. ಇಲ್ಲಿಯೂ ಹಾಗೆಯೇ ಕೊನೆಯವರೆಗೆ ಆಡಿದರು. ಮಗಳು ಉಗುರು ಕಚ್ಚುತ್ತ ಅವರ ಮುಖವನ್ನೇ ನೋಡುತ್ತಿದ್ದಳು. ಎರಡನೆಯ ಸಲ ಬಾಯಿ ಬಿಟ್ಟರು. "ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಬಟಾಣಿ ಬಿಡಿಸುವ ಹೆಂಗಸು ಉಂಟಲ್ಲ, ಅವಳನ್ನು ಮುಟ್ಟಬೇಡ. ಅವಳ ಪಕ್ಕ ನನಗೂ ಸೀಟು ಬೇಕನಿಸಿತು. ಆದ್ರೆ ಇಲ್ಲಿ, ಈ ಹುಡುಗಿಯ ಭಾಷಣದಲ್ಲಿ, ನನಗೆ ಉಸಿರು ಸಾಲ್ಲಿಲ್ಲ. ಬೇಜಾರೂ ಬಂತು."

"ಬಟ್ ಆಂಟಿ, ಅದೇ ಮೇನ್ ಸೀನ್!"

"ಮೇನ್ ಸೀನಲ್ಲಿಯೂ ಉಸಿರಾಡ್ಬೇಕಲ್ವಾ?"

ಮಗಳಿಗೆ ನಗು ಬಂತು, ತಡೆದುಕೊಂಡಳು. ಅಕ್ಕ ಮುಂದುವರಿಸಿದರು. "ಇನ್ನೊಂದು. ಹುಡುಗಿಗೆ ಮೂರು ಉತ್ತರ ಉಂಟು. ಮೂರನ್ನೂ ಒತ್ತಿ ನೋಡಿದೆ. ಯಾವುದು ಒತ್ತಿದ್ರೂ ತಾಯಿ 'ನಿನ್ನಿಷ್ಟ' ಅಂತಾಳೆ, ಒಳಗೆ ಹೋಗ್ತಾಳೆ. ನನಗೆ ಸಿಟ್ಟು ಬಂದದ್ದು ಹುಡುಗಿಯ ಮೇಲೆ. ಹಾಗೆ ಬರ್ಲಿ ಅಂತಲೇ ಬರೆದದ್ದಾ?"

"ಇಲ್ಲ ಆಂಟಿ... ಅಮ್ಮನ ಮೇಲೆ ಬರ್ಬೇಕಿತ್ತು."

ನಾನು ಕರಿಬೇವಿನ ಎಲೆ ಬಿಡಿಸುತ್ತ ತಲೆ ತಗ್ಗಿಸಿದೆ.

"ಹಾಗಾದ್ರೆ ಎಲ್ಲಿಯೋ ಏನೋ ಬಿಟ್ಟುಹೋಗಿದೆ. ಹುಡುಕು," ಎಂದು ಅಕ್ಕ ಎದ್ದರು.

ತಾಯಿಯ ಮಾತನ್ನು ಅವರೇ ಹೇಳಿಕೊಡಬಹುದಿತ್ತು. ಮಾತು ಹೊಂದಿಸುವುದೇ ಅವರ ಕಸುಬಾಗಿತ್ತಲ್ಲ. ಯಾಕೆ ಹೇಳಿಕೊಡಲಿಲ್ಲವೆಂದು ಆಮೇಲೊಮ್ಮೆ ಕೇಳಿದೆ. "ನಾನು ಹೇಳಿಕೊಟ್ರೆ ಅದು ನನ್ನ ತಾಯಿ ಆಗ್ತಾಳೆ. ಅವಳಿಗೆ ಬೇಕಾದದ್ದು ಅವಳ ತಾಯಿ," ಎಂದರು.

ಮರುದಿನ ಬೆಳಿಗ್ಗೆ ಮಗಳು ಅಡುಗೆಮನೆಗೆ ಬಂದಳು. "ಅಮ್ಮಾ, ನಾನು ಜಾಬ್ ಬಿಟ್ಟೆ ಅಂದಾಗ 'ನಿನ್ನಿಷ್ಟ' ಅಂದೆಯಲ್ಲ. ನಿಂಗೆ ಸಚ್ ಮೇ ಏನನ್ಸಿತ್ತು, ನಿಜ ಹೇಳು?"

ಒಲೆ ಆರಿಸಿದೆ. "ಹೆದರಿಕೆ ಆಯ್ತು ಕಣೆ." ಉಳಿದದ್ದನ್ನೂ ಹೇಳಿದೆ. "ಹೊಟ್ಟೆಕಿಚ್ಚೂ ಆಯ್ತು. ಏನನ್ನಾದರೂ ಹಾಗೆ ಬಿಟ್ಟು ಬರೋ ಧೈರ್ಯ ನಂಗೆ ಯಾವತ್ತೂ ಇರಲಿಲ್ಲ."

ಎರಡೂ ಮಾತು ಆಟದೊಳಗಿನ ತಾಯಿಯ ಬಾಯಿಗೆ ಹೋದವು. ಹುಡುಗಿಯ ಭಾಷಣ ಎರಡು ಸಾಲಿಗೆ ಇಳಿಯಿತು. ಅಕ್ಕ ಮತ್ತೆ ಕೂತು ಆಡಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಈಗ ಈ ತಾಯಿ ಒಳಗೆ ಹೋಗ್ಲಿಲ್ಲ ನೋಡು," ಎಂದರು.

ಆಟ ಇಂಟರ್ನೆಟ್ಟಿಗೆ ಹೋಯಿತು. ಯಾವ್ಯಾವುದೋ ಊರಿನವರು ಆಡಿ, ಆ ತಾಯಿಯ ಬಗ್ಗೆ ಬರೆಯುತ್ತಾರೆ. ಅಕ್ಕ ಕಳೆದ ಮಳೆಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಅವರಿಗೆ ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ಮೊನ್ನೆ ಮಗಳು ಹೊಸ ಕಥೆ ತೋರಿಸಿದಳು. ಪೂರ್ತಿ ಆಡಿದೆ. "ಅರ್ಧದಲ್ಲಿ ನಂಗೆ ಆಕಳಿಕೆ ಬಂತು ಕಣೆ," ಎಂದೆ.

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲಿಂದಮ್ಮ? ತೋರಿಸು."